ದ್ಯಾವಪ್ಪನ ಕಣದಲ್ಲಿ ಕ್ರಿಕೆಟ್

“ತಾತ ನಿಮ್ಮನ್ನ ಕಣದಲ್ಲಿ ಆಡೋಕೆ ಬಿಡ್ತಿದ್ರಾ?”

“ಬಿಡ್ತಿರ್ಲಿಲ್ಲ.”

“ಮತ್ತೆ ಏನ್ ಮಾಡ್ತಿದ್ರು?”

“ಬೈದು ಓಡಿಸ್ತಿದ್ರು.”

“ತಲೆ ಎತ್ಕೊಂಡು ಹೇಳು ಪುಟ್ಟಿ. ನೆಲ ನೋಡ್ಕೊಂಡು ಹೇಳಿದ್ರೆ ಯಾರು ನಂಬ್ತಾರೆ? ಇನ್ನೊಂದ್ಸಲ.”

ಸಿಂಚನಾ ತಲೆ ಎತ್ತಿದಳು. ಎದುರಿಗೆ ರೇಣುಕಾಪ್ರಸಾದ್ ಮಾವ ಕುರ್ಚಿಯಲ್ಲಿ ಕೂತಿದ್ದರು. ಅವರು ಅಮ್ಮನ ಅಣ್ಣ. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಕೆಲಸ ಕೋರ್ಟಿನಲ್ಲಿ, ಲಾಯರು. ಕೊತ್ತಗೆರೆಗೆ ಅವರು ಬರುತ್ತಿದ್ದುದು ಹಬ್ಬಕ್ಕೆ ಮಾತ್ರ. ಈ ಸಲ ಯಾವ ಹಬ್ಬವೂ ಇರಲಿಲ್ಲ. ಅಪ್ಪನೇ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿ ಕರೆಸಿದ್ದರು.

ಸಿಂಚನಾ ಐದನೇ ಕ್ಲಾಸು. ಹದಿನೇಳರ ಮಗ್ಗಿಯನ್ನು ನಿದ್ದೆಗಣ್ಣಿನಲ್ಲೂ ಹೇಳುವ ಹುಡುಗಿ. ಅಂಥವಳಿಗೆ ಎರಡು ಮಾತು ಬಾಯಿಪಾಠ ಮಾಡುವುದು ಯಾವ ಮಹಾ ಕೆಲಸ? ಸ್ವಲ್ಪ ಹೊತ್ತಿಗೆಲ್ಲ ಚೆನ್ನಾಗಿ ಬಂತು. ತೊಂದರೆ ಒಂದೇ. ಎರಡೂ ಮಾತು ಸುಳ್ಳು.

“ಮಾವ, ತಾತ ನಮ್ಮನ್ನ ಬೈದೇ ಇಲ್ವಲ್ಲ?”

“ಗೊತ್ತು ಪುಟ್ಟಿ,” ಅಂದರು ಮಾವ ತಾಳ್ಮೆಯಿಂದ. “ಕೇಳು. ಕಣ ಯಾರ್ದು? ನಿಮ್ ತಾತಂದು. ನಾವು ‘ಬಂದು ಆಡಿ’ ಅಂತ ಬಿಟ್ಟಿದ್ವಿ ಅಂತಿಟ್ಕೋ. ಆಗ ಅಲ್ಲಿ ಯಾರಿಗೆ ಏನಾದ್ರೂ ನಾವೇ ಉತ್ತರ ಕೊಡ್ಬೇಕು. ‘ಬರ್ಬೇಡಿ’ ಅಂದ್ರೂ ಕೇಳ್ದೆ ಬಂದಿದ್ರೆ ಅದು ಬೇರೆ ಮಾತು. ತಾತನ್ನ ಪೊಲೀಸ್ ಸ್ಟೇಷನ್‌ಗೆ ಕರೆಸೋದು ನಿಂಗಿಷ್ಟಾನಾ?”

ಸಿಂಚನಾ ಇಲ್ಲ ಎಂದು ತಲೆ ಆಡಿಸಿದಳು. ಅವಳಿಗೆ ತಾತ ಅಂದರೆ ಪ್ರಾಣ.

ತಾತ ದ್ಯಾವಪ್ಪ ಹೊರಗೆ ಜಗಲಿಯ ಮೇಲೆ ಕೂತಿದ್ದ. ಒಳಗಿನ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ, ಅವನಂತೂ ಕತ್ತು ತಿರುಗಿಸಿಯೂ ನೋಡಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಕಲ್ಲಿನ ಗುಂಡು.

ಮೊದಲೆಲ್ಲ ಸುಗ್ಗಿ ಬಂದರೆ ದ್ಯಾವಪ್ಪನ ಕಣದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನೆಲವನ್ನು ಗಟ್ಟಿ ಮಾಡಿ, ಸಗಣಿ ಸಾರಿಸಿ, ರಾಗಿ ತೆನೆ ಹರಡಿ, ಅದರ ಮೇಲೆ ಎತ್ತುಗಳಿಂದ ಗುಂಡು ಎಳೆಸುತ್ತಿದ್ದರು. ಗುಂಡು ಉರುಳಿದಂತೆ ಕಾಳು ಉದುರುತ್ತಿತ್ತು. ಆಮೇಲಾಮೇಲೆ ಊರಿನವರು ಬುದ್ಧಿವಂತರಾದರು. ಟಾರು ರೋಡಿನ ಮೇಲೆ ತೆನೆ ಹರಡಿ ಬೇವಿನ ನೆರಳಲ್ಲಿ ಕೂತರೆ ಸಾಕು, ಕುಣಿಗಲ್ ಕಡೆಯಿಂದ ಬರುವ ಬಸ್ಸು, ಲಾರಿಗಳೇ ಬಿಟ್ಟಿಯಾಗಿ ರಾಗಿ ಒಕ್ಕಿ ಕೊಡುತ್ತಿದ್ದವು. ಡ್ರೈವರುಗಳು ಬೈಯುತ್ತಿದ್ದರು, ಅಷ್ಟೇ. ಸಿಂಚನಾಳ ಅಪ್ಪ ಕಾಂತೇಶ್‌ಗೆ ಕುಣಿಗಲ್‌ನಲ್ಲಿ ಆಫೀಸ್ ಕೆಲಸ. ಅವರಿಗೂ ರೋಡೇ ಅನುಕೂಲವಾಯಿತು. ಎತ್ತುಗಳನ್ನು ಮಾರಿದರು. ಕಣ ಖಾಲಿ ಬಿತ್ತು. ಗುಂಡು ಅದರ ಮೂಲೆಯಲ್ಲಿ ಉಳಿಯಿತು.

ಖಾಲಿ ಜಾಗ ಕಂಡರೆ ಮಕ್ಕಳು ಸುಮ್ಮನಿರುತ್ತಾರೆಯೇ? ಅದು ವರ್ಲ್ಡ್ ಕಪ್ ನಡೆದ ವರ್ಷ ಬೇರೆ. ತೆಂಗಿನ ಮಟ್ಟೆಯ ಬ್ಯಾಟು ಹಿಡಿದು ಒಂದು ಸಂಜೆ ಎಲ್ಲರೂ ಬಂದರು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು.

“ಆಡ್ಕಳ್ಳಿ ಬುಡ್ರಪ್ಪ,” ಅಂದ ದ್ಯಾವಪ್ಪ. “ಹೆಂಗೂ ಖಾಲಿ ಬಿದ್ದದೆ. ಆ ಗುಂಡಿನ್ ತಂಟೆಗೆ ಮಾತ್ರ ಹೋಗ್ಬೇಡಿ.”

ಅಂದಿನಿಂದ ಅವನೇ ಅಂಪೈರು. ಆಟದ ರೂಲ್ಸು ಅವನಿಗೆ ಒಂದೂ ತಿಳಿಯದು. ಯಾರಾದರೂ ಔಟಾಗಿ ಮುಖ ಸಣ್ಣ ಮಾಡಿಕೊಂಡರೆ, “ಪಾಪ, ಅವ್ನಿಗೆ ಇನ್ನೊಂದ್ ಬಾಲ್ ಹಾಕ್ರೋ” ಅನ್ನುತ್ತಿದ್ದ. ಹುಡುಗಿಯರೂ ಆಡಲಿ ಅಂದವನು ಅವನೇ. ಹಾಗಾಗಿ ಸಿಂಚನಾ ಮತ್ತು ಅವಳ ಜೀವದ ಗೆಳತಿ ಕೃತಿಕಾ ಟೀಮಿಗೆ ಸೇರಿದ್ದರು.

ಅದೊಂದು ಶನಿವಾರ, ಅರ್ಧ ದಿನ ಸ್ಕೂಲು. ತಾತ ಊಟಕ್ಕೆ ಮನೆಗೆ ಹೋಗಿದ್ದ.

“ಟೀವೀಲಿ ನೋಡಿಲ್ವಾ? ಮ್ಯಾಚಿಗೆ ಮೊದ್ಲು ಪಿಚ್ ಮೇಲೆ ರೋಲರ್ ಎಳೀತಾರೆ,” ಅಂದವಳು ಸಿಂಚನಾ. ಕೊಟ್ಟಿಗೆಯಿಂದ ಹಸುವಿನ ಹಗ್ಗ ತಂದವಳೂ ಅವಳೇ, ಗುಂಡಿನ ಮರದ ಚೌಕಟ್ಟಿಗೆ ಅದನ್ನು ಕಟ್ಟಿದವಳೂ ಅವಳೇ.

ಎಲ್ಲರೂ ಸೇರಿ ಎಳೆದರು. ಮೊದಲು ಅಲುಗಲಿಲ್ಲ. ಆಮೇಲೆ ಅಲುಗಿತು. ಕಣದ ಅಂಚಿನ ಇಳಿಜಾರಿಗೆ ಬಂದಾಗ ಅದು ತಾನೇ ಹೊರಟಿತು. ಎಲ್ಲರೂ ಹಗ್ಗ ಬಿಟ್ಟು ಹಾರಿದರು. ಸಿಂಚನಾ ಕೂಡ ಹಾರಿದಳು. ಪಕ್ಕದಲ್ಲಿದ್ದ ಕೃತಿಕಾ ಮಾತ್ರ ರಾಗಿ ಹುಲ್ಲಿನ ಮೇಲೆ ಕಾಲು ಜಾರಿ ಬಿದ್ದಳು. ಗುಂಡು ಅವಳ ಪಾದದ ಮೇಲೆ ಹೋಯಿತು.

ಮೂಳೆ ಮುರಿದಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಅವಳು ಊರಿಗೆ ಬಂದ ದಿನವೇ ಅಜ್ಜಿ ಹನುಮಂತಮ್ಮ ಎಳನೀರು, ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು ಹೊರಟಿದ್ದಳು. ನೋವಾದವರನ್ನು ನೋಡಲು ಹೋಗದೆ ಇರುವ ಪದ್ಧತಿ ಆ ಊರಲ್ಲಿ ಇಲ್ಲ. ಜಗಳವಾಡಿದವರೂ ಹೋಗುತ್ತಾರೆ. ಸುದ್ದಿ ತಿಳಿದು ಅಂದು ಬಂದಿದ್ದ ರೇಣುಕಾಪ್ರಸಾದ್ ಮಾವ ಬಾಗಿಲಲ್ಲೇ ತಡೆದರು.

“ಬೇಡಮ್ಮ. ಈಗ ನೋಡೋಕೆ ಹೋದ್ರೆ ತಪ್ಪು ಒಪ್ಕೊಂಡ ಹಾಗೆ. ನಾಳೆ ಅದನ್ನೇ ಎತ್ತಿ ಆಡ್ತಾರೆ. ಯಾರೂ ಹೋಗ್ಬೇಡಿ.”

ಯಾರೂ ಹೋಗಲಿಲ್ಲ. ಮಾವ ಆ ಸಂಜೆ ತುಮಕೂರಿಗೆ ವಾಪಸಾದರು. ಊರಿಗೆ ಊರೇ ಕೃತಿಕಾಳನ್ನು ನೋಡಿ ಬಂತು, ದ್ಯಾವಪ್ಪನ ಮನೆಯವರನ್ನು ಬಿಟ್ಟು.

ಇಷ್ಟರ ಮೇಲೆ ಇನ್ನೊಂದು ಫಜೀತಿ. ಕೃತಿಕಾಳ ಅಪ್ಪ ಸದಾಶಿವಯ್ಯನದೇ ಊರಿನ ಹಿಟ್ಟಿನ ಮಿಲ್ಲು. ಮನೆಯಲ್ಲಿ ರಾಗಿಹಿಟ್ಟು ಮುಗಿಯಿತು. ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಹೋಗುವುದು? ಅಪ್ಪ ರಾಗಿ ಚೀಲವನ್ನು ಬಸ್ಸಿಗೆ ಹಾಕಿಕೊಂಡು ಆಫೀಸಿಗೆ ಹೋಗಿ, ಕುಣಿಗಲ್‌ನಲ್ಲಿ ಬೀಸಿಸಿಕೊಂಡು ಬಂದರು. “ದ್ಯಾವಪ್ಪನ ಮನೆ ರಾಗಿ ಟಿಕೆಟ್ ತಗಂಡು ಟೌನ್ ನೋಡ್ಕಂಡ್ ಬಂತಂತೆ” ಎಂದು ಊರೆಲ್ಲ ನಕ್ಕಿತು. ಸದಾಶಿವಯ್ಯ ನಗಲಿಲ್ಲ. ಭಾನುವಾರ ನ್ಯಾಯ ಸೇರಿಸಬೇಕೆಂದು ಊರ ಹಿರಿಯ ಪುಟ್ಟರಂಗಯ್ಯನಿಗೆ ಹೇಳಿಬಿಟ್ಟ. ಅಲ್ಲಿ ತೀರದಿದ್ದರೆ ಸ್ಟೇಷನ್ನಿಗೆ ಹೋಗುವುದೆಂದೂ ಹೇಳಿದ.

ಅದಕ್ಕೇ ಮಾವ ಮತ್ತೆ ಬಂದದ್ದು, ಅದಕ್ಕೇ ಈ ಬಾಯಿಪಾಠ.

ಪಾಠ ಮುಗಿದ ಮೇಲೆ ಅಪ್ಪನೂ ಮಾವನೂ ಪುಟ್ಟರಂಗಯ್ಯನನ್ನು ಕಾಣಲು ಹೋದರು. ಅವರು ಬೀದಿ ತಿರುಗುವುದನ್ನೇ ಕಾಯುತ್ತಿದ್ದ ಅಜ್ಜಿ, ಸಣ್ಣ ಡಬ್ಬಿಯಲ್ಲಿ ರಾಗಿ ತುಂಬಿ ಸಿಂಚನಾಳ ಕೈಗೆ ಕೊಟ್ಟಳು.

“ಮಿಲ್ಲಿಗ್ ಹೋಗಿ ಬೀಸಿಸ್ಕಂಡ್ ಬಾ.”

“ಅಜ್ಜಿ! ಮಾವ ಹೋಗ್ಬೇಡಿ ಅಂದವ್ರೆ.”

“ನೋಡಕ್ ಹೋಗ್ಬೇಡಿ ಅಂದವ್ರೆ. ಹಿಟ್ಟಿಗ್ ಹೋಗ್ಬೇಡಿ ಅಂದವ್ರಾ?” ಅಂದಳು ಅಜ್ಜಿ. ಲಾಯರಾಗಬೇಕಿದ್ದವಳು ಅವಳೇ.

ಮಿಲ್ಲಿನಲ್ಲಿ ಸದಾಶಿವಯ್ಯ ಅವಳ ಮುಖ ನೋಡದೆ ಡಬ್ಬಿ ತೆಗೆದುಕೊಂಡ. ರಾಗಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಮೆಷಿನ್ನಿನ ಸದ್ದು ಶುರುವಾದದ್ದೇ ತಡ, ಸಿಂಚನಾ ಮಿಲ್ಲಿನ ಹಿಂದೆ ಇದ್ದ ಮನೆಯ ಹಿತ್ತಲಿಗೆ ಓಡಿದಳು.

ಕೃತಿಕಾ ಹಿತ್ತಲ ಬಾಗಿಲಲ್ಲಿ ದಿಂಬಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಇವಳನ್ನು ಕಂಡು ಮುಖ ಅರಳಿತು. ಮರುಕ್ಷಣ ಗಂಟಿಕ್ಕಿಕೊಂಡಿತು.

“ಎಲ್ರೂ ಬಂದ್ರು. ನೀನ್ಯಾಕೆ ಬರ್ಲಿಲ್ಲ?”

“ಬಂದ್ರೆ ತಪ್ಪು ಒಪ್ಕೊಂಡಂಗಂತೆ. ನಮ್ಮಾವ ಹೇಳಿದ್ರು.”

“ಯಾರ್ ತಪ್ಪು?”

ಸಿಂಚನಾ ಪ್ಲಾಸ್ಟರ್ ನೋಡಿದಳು. “ತುಂಬಾ ನೋವಾ?”

“ನೋವಲ್ಲ ಕಣೇ, ಕಡಿತ! ಒಳಗೆ ಕೆರೆಯೋಕೇ ಆಗಲ್ಲ.”

ಸಿಂಚನಾ ಗೋಡೆಗೊರಗಿಸಿದ್ದ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಟ್ಟಳು. ಕೃತಿಕಾ ಅದನ್ನು ಪ್ಲಾಸ್ಟರಿನೊಳಗೆ ತೂರಿಸಿ ಕೆರೆದುಕೊಂಡು “ಆಹಾ” ಅಂದಳು. ಇಬ್ಬರಿಗೂ ನಗು ಬಂತು. ಒಂದು ಕಡ್ಡಿಯಿಂದ ಅರ್ಧ ಜಗಳ ಕಳೆಯಿತು.

“ನಾಳೆ ನ್ಯಾಯದಲ್ಲಿ ನಾನ್ ಏನ್ ಹೇಳ್ಬೇಕು ಗೊತ್ತಾ?” ಅಂದಳು ಕೃತಿಕಾ ಸಣ್ಣ ದನಿಯಲ್ಲಿ. “‘ದ್ಯಾವಪ್ಪ ತಾತನೇ ಗುಂಡು ಎಳೀರಿ ಅಂದ್ರು’ ಅಂತ. ದಯಾನಂದ ಚಿಕ್ಕಪ್ಪ ಹೇಳಿಕೊಟ್ಟವ್ರೆ.”

“ತಾತ ಹಂಗೆಲ್ಲಿ ಅಂದ್ರು? ಮುಟ್ಬೇಡಿ ಅಂದಿದ್ರು!”

“ನಂಗೊತ್ತಿಲ್ವಾ?”

“ನಂಗೂ ಹೇಳಿಕೊಟ್ಟವ್ರೆ ಕಣೇ. ತಾತ ಆಡೋಕೇ ಬಿಡ್ತಿರ್ಲಿಲ್ಲ, ಬೈದು ಓಡಿಸ್ತಿದ್ರು ಅಂತ.”

ಕೃತಿಕಾಳ ನಗು ನಿಂತಿತು. “ಹಂಗಾದ್ರೆ ನಾನು ಕಳ್ಳಿ ಥರ ನುಗ್ಗಿದ್ನಾ ನಿಮ್ ಕಣಕ್ಕೆ?”

ಸಿಂಚನಾ ಇದನ್ನು ಯೋಚಿಸಿರಲಿಲ್ಲ. ತಾತನನ್ನು ಉಳಿಸುವ ಮಾತು ಕೃತಿಕಾಳನ್ನು ಏನು ಮಾಡುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

“ನಾನು ಹಂಗೆ ಹೇಳಲ್ಲ. ನೀನೂ ಹೇಳ್ಬೇಡ,” ಅಂದಳು.

“ಮದರ್ ಪ್ರಾಮಿಸ್?”

“ಮದರ್ ಪ್ರಾಮಿಸ್.”

“ಮತ್ತೆ ಏನ್ ಹೇಳೋದು?”

ನಿಜ ಹೇಳಿದರೆ ಇಬ್ಬರಿಗೂ ಏಟು ಗ್ಯಾರಂಟಿ. ಅಷ್ಟರಲ್ಲಿ ಮಿಲ್ಲಿನ ಸದ್ದು ನಿಂತಿತು. ಸಿಂಚನಾ ಎದ್ದು ಓಡಿದಳು.

ಭಾನುವಾರ ಬೆಳಿಗ್ಗೆ ಕಣದಲ್ಲೇ ನ್ಯಾಯ. “ಆಗಿದ್ದೂ ಇಲ್ಲೇ, ಕೂರೋದೂ ಇಲ್ಲೇ,” ಅಂದಿದ್ದ ಪುಟ್ಟರಂಗಯ್ಯ. ಒಂದು ಕಡೆ ತಾತ, ಅಪ್ಪ, ಮಾವ. ಇನ್ನೊಂದು ಕಡೆ ಸದಾಶಿವಯ್ಯ ಮತ್ತು ಅವನ ತಮ್ಮ ದಯಾನಂದ. ಕೃತಿಕಾಳನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ್ದರು. ಕ್ರಿಕೆಟ್ ಟೀಮಿನವರು ದೂರದಲ್ಲಿ ನಿಂತು ಉಗುರು ಕಚ್ಚುತ್ತಿದ್ದರು.

“ಬಾ ಮಗ ಇಲ್ಲಿ,” ಎಂದು ಪುಟ್ಟರಂಗಯ್ಯ ಸಿಂಚನಾಳನ್ನೇ ಮೊದಲು ಕರೆದ. “ಹೆದರ್ಕಬೇಡ. ನಿಮ್ ತಾತ ಐಕ್ಳನ್ನ ಇಲ್ಲಿ ಆಡೋಕೆ ಬುಡ್ತಿದ್ನಾ?”

ಪ್ರಶ್ನೆ ಮಾವ ಕೇಳಿದ ಹಾಗೇ ಇತ್ತು. ಮಗ್ಗಿ ಕಲಿತವರಿಗೆಲ್ಲ ಗೊತ್ತು, ಯಾರಾದರೂ ಮೊದಲ ಸಾಲು ಎತ್ತಿಕೊಟ್ಟರೆ ಉಳಿದದ್ದು ತಾನಾಗಿಯೇ ಬರುತ್ತದೆ.

“ಬಿಡ್ತಿರ್ಲಿಲ್ಲ,” ಅಂದಳು ಸಿಂಚನಾ. “ಬೈದು ಓಡಿಸ್ತಿದ್ರು.”

ತಲೆ ಎತ್ತಿಕೊಂಡೇ ಹೇಳಿದಳು. ಹೇಳಿ ಮುಗಿದ ಮೇಲೆ ತಾನು ಏನಂದೆ ಎಂದು ಅವಳಿಗೇ ಕೇಳಿಸಿತು. ಎದುರಿಗೆ ಕೃತಿಕಾ ಇದ್ದಳು. ಅವಳು ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ನೋಡಿದಳು. ಸಿಂಚನಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಇಲ್ಲ ಕಣೋ ರಂಗಯ್ಯ,” ಎಂದು ತಾತ ಎದ್ದು ನಿಂತ. “ಹೇಳಿಕೊಟ್ಟದ್ದನ್ನ ಮಗು ಹೇಳ್ತು. ಅದರ ತಪ್ಪೇನಿಲ್ಲ. ಆಡ್ಕಳ್ಳಿ ಅಂದವ್ನು ನಾನೇ. ಕಣ ನಂದು, ಗುಂಡೂ ನಂದು. ಆಸ್ಪತ್ರೆ ಖರ್ಚೆಲ್ಲ ನಂಗಿರ್ಲಿ.”

“ಅಪ್ಪಾ!” ಅಂದರು ಅಪ್ಪ. ಮಾವ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ಕೇಳಿಸ್ಕಂಡ್ರಾ? ಒಪ್ಕಂಡ್ರು!” ಎಂದು ದಯಾನಂದ ಎದ್ದೇಬಿಟ್ಟ. “ಕೃತಿಕಾ, ಗುಂಡು ಎಳೀರಿ ಅಂದವ್ರು ಯಾರವ್ವ? ಹೇಳು, ಎಲ್ರಿಗೂ ಕೇಳಂಗೆ ಹೇಳು.”

ಕೃತಿಕಾ ತನ್ನ ಪ್ಲಾಸ್ಟರನ್ನೇ ನೋಡುತ್ತ ಕೂತಳು.

“ಯಾರೂ ಅನ್ಲಿಲ್ಲ,” ಅಂದಳು ಕೊನೆಗೆ. “ಗುಂಡಿನ್ ತಂಟೆಗೆ ಹೋಗ್ಬೇಡಿ ಅಂತಾನೇ ತಾತ ಅಂದಿದ್ರು. ಅವ್ರು ಊಟಕ್ಕೆ ಹೋದಾಗ ನಾವೇ ಎಳೆದ್ವಿ.”

ಸಿಂಚನಾ ಕಾಯುತ್ತ ನಿಂತಳು. ಈಗ ಹಗ್ಗದ ಮಾತು ಬರುತ್ತದೆ, ಹಗ್ಗ ತಂದವಳ ಹೆಸರು ಬರುತ್ತದೆ. ಬರಲಿಲ್ಲ. ಕೃತಿಕಾ ‘ನಾವೇ’ ಎಂದು ಹೇಳಿ ನಿಲ್ಲಿಸಿದ್ದಳು.

“ದ್ಯಾವಪ್ಪಣ್ಣ,” ಅಂದ ಸದಾಶಿವಯ್ಯ, “ನೀನ್ ಮುಟ್ಬೇಡಿ ಅಂದಿದ್ದೆ ಅಂತ ಮೊದ್ಲೇ ಹೇಳೋಕೇನಾಗಿತ್ತು?”

“ಹೇಳಿದ್ರೆ ಮಗೀನ ಕಾಲು ಕೂಡ್ಕಳ್ತಿತ್ತಾ?” ಅಂದ ತಾತ. “ಮುಟ್ಬೇಡಿ ಅಂದ್ರೆ ಐಕ್ಳು ಮುಟ್ತವೆ. ಇಷ್ಟು ವಯಸ್ಸಾಗಿ ನಂಗದು ಗೊತ್ತಿರ್ಬೇಕಿತ್ತು. ಗುಂಡಿಗೆ ಎರಡು ಕಲ್ಲು ಒತ್ತು ಕೊಡದೆ ಉಣ್ಣಕ್ ಹೋದೆ.”

ಸದಾಶಿವಯ್ಯನ ಸಿಟ್ಟು ಎಲ್ಲಿ ಹೋಯಿತೋ, ಅವನ ದನಿಯಲ್ಲಿ ಅಳು ಬಂತು. “ನೀನ್ ಒಂದ್ಸಲ ಬಂದು ಮಗೀನ ಮುಖ ನೋಡಿದ್ರೆ ನಾನ್ಯಾಕಣ್ಣ ನ್ಯಾಯ ಸೇರಿಸ್ತಿದ್ದೆ?”

ಎಲ್ಲರೂ ಮಾವನ ಕಡೆ ನೋಡಿದರು. ಮಾವ ಕಣದಾಚೆಯ ತೆಂಗಿನ ಮರಗಳನ್ನು ಎಣಿಸುವವರ ಹಾಗೆ ನೋಡುತ್ತಿದ್ದರು.

ಕಣಕ್ಕೆ ಮುಳ್ಳುಬೇಲಿ ಹಾಕಿಸಬೇಕೆಂದ ಪುಟ್ಟರಂಗಯ್ಯ. ಬೇಲಿ ಹಾಕಿದರೆ ಮಕ್ಕಳು ಟಾರು ರೋಡಿಗೆ ಹೋಗುತ್ತವೆ ಅಂದ ತಾತ. ಅದೂ ನಿಜವೇ. ಹಿಂದೂ ಮುಂದೂ ಮಾತಾಡಿ, ಬೇಲಿ ಬೇಡ, ಗುಂಡನ್ನೇ ಅಲ್ಲಿಂದ ಸಾಗಿಸುವುದು ಎಂದು ತೀರ್ಮಾನವಾಯಿತು. ಆಸ್ಪತ್ರೆ ಖರ್ಚಿನಲ್ಲಿ ಅರ್ಧ ತನಗಿರಲಿ ಅಂದ ಸದಾಶಿವಯ್ಯ. ದಯಾನಂದನಿಗೆ ಇದು ಹಿಡಿಸಲಿಲ್ಲ. ಅವನನ್ನು ಯಾರೂ ಕೇಳಲಿಲ್ಲ.

ದಾರಿಯಲ್ಲಿ ತಾತ ಎಂದಿನಂತೆ ಸಿಂಚನಾಳ ಕೈ ಹಿಡಿದುಕೊಂಡ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮನೆಗೆ ಬಂದ ಮೇಲೆ ಅಪ್ಪ ಅವಳನ್ನು ಹತ್ತಿರ ಕರೆದರು.

“ತಾತ ಗುಂಡು ಮುಟ್ಬೇಡಿ ಅಂದಿದ್ದು ನಿಂಗೂ ಗೊತ್ತಿತ್ತಾ?”

“ಹೂಂ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

ಅಪ್ಪ ಮಾವನ ಮುಖ ನೋಡಿದರು. ಮಾವ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದರು. ಹೌದಲ್ಲ, ಹುಡುಗಿಗೆ ಎಲ್ಲರೂ ಹೇಳಿಕೊಟ್ಟವರೇ, ಕೇಳಿದವರು ಒಬ್ಬರೂ ಇಲ್ಲ.

ಆದರೆ ಸಿಂಚನಾಳಿಗೆ ಸಮಾಧಾನವಾಗಲಿಲ್ಲ. ಯಾರೂ ಕೇಳಲಿಲ್ಲ ಅನ್ನುವುದು ನಿಜ. ಯಾರೂ ಕೇಳದೆ ಇದ್ದದ್ದು ಅವಳಿಗೆ ಅನುಕೂಲವೇ ಆಗಿತ್ತು ಅನ್ನುವುದೂ ನಿಜ. ಮೊದಲನೆಯದನ್ನು ಅಪ್ಪನಿಗೆ ಹೇಳಿದ್ದಳು. ಎರಡನೆಯದು ಅವಳ ಹತ್ತಿರವೇ ಉಳಿದಿತ್ತು. ಕಾಲು ಮುರಿದುಕೊಂಡವಳು ತಾತನ ಪರ ಮಾತಾಡಿದಳು. ತಾನು, ತಾತನ ಮೊಮ್ಮಗಳು, ಮಗ್ಗಿ ಒಪ್ಪಿಸಿ ಬಂದಿದ್ದಳು.

ಊಟಕ್ಕೆ ಕರೆದರೂ ಅವಳು ಕೂರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಈ ಸಲ ಕೈಯಲ್ಲಿ ರಾಗಿ ಡಬ್ಬಿ ಇರಲಿಲ್ಲ. ಹಿತ್ತಲಿಗೆ ಹೋಗದೆ ಮುಂಬಾಗಿಲಿಗೇ ಹೋದಳು.

ಬಾಗಿಲು ತೆಗೆದವಳು ಕೃತಿಕಾಳ ಅಮ್ಮ ಪುಟ್ಟಗಂಗಮ್ಮ. ಒಳಗೆ ಕೃತಿಕಾಳ ಕೆಮ್ಮು ಕೇಳಿಸಿತು.

“ಏನವ್ವ?” ಅಂದಳು ಪುಟ್ಟಗಂಗಮ್ಮ. ಅಷ್ಟೇ ಕೇಳಿದ್ದು. ಬೇರೇನೂ ಕೇಳಲಿಲ್ಲ.

“ಗುಂಡು ಎಳೆಯೋಣ ಅಂದಿದ್ದು ನಾನು, ಆಂಟಿ,” ಅಂದಳು ಸಿಂಚನಾ. “ಹಗ್ಗ ತಂದಿದ್ದೂ ನಾನೇ. ಗುಂಡು ಓಡ್ದಾಗ ನಾನು ಬಿಟ್ಟು ಹಾರ್ಬಿಟ್ಟೆ. ಅವ್ಳ ಕೈ ಹಿಡಿದು ಎಳೀಲಿಲ್ಲ.”

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಾತು ತಡವರಿಸಿತು, ಹಿಂದುಮುಂದಾಯಿತು, ಕಣ್ಣು ನೆಲ ನೋಡುತ್ತಿತ್ತು.

ಪುಟ್ಟಗಂಗಮ್ಮ ಬೈಯುತ್ತಾಳೆ ಅಂದುಕೊಂಡಳು ಸಿಂಚನಾ. ಬೈದರೆ ನಿಂತು ಬೈಸಿಕೊಳ್ಳಬೇಕು ಎಂದೂ ಅಂದುಕೊಂಡಳು.

“ಬಿಸ್ಲಲ್ಲಿ ನಿಂತಿದ್ದೀಯ,” ಅಂದಳು ಪುಟ್ಟಗಂಗಮ್ಮ. ಅವಳ ಮುಖ ಇನ್ನೂ ಗಂಟಾಗಿಯೇ ಇತ್ತು. ಆದರೂ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಅವ್ಳಿನ್ನೂ ಉಂಡಿಲ್ಲ. ಒಬ್ಳೇ ಉಣ್ಣಲ್ಲ ಅಂತ ಹಟ ಹಿಡಿದವ್ಳೆ. ಕೈ ತೊಳ್ಕಂಡು ಒಳಗ್ ಹೋಗು.”